ಹಾಡುವ ತಾಮ್ರ, ಕೆಮ್ಮುವ ಸತು

ನವೆಂಬರ್ 13, ಗುರುವಾರ

ಒಂದು ಸೆಂಟಿನ ನಾಣ್ಯವನ್ನು, ನಮ್ಮ ಪೆನ್ನಿಯನ್ನು, ನಿಲ್ಲಿಸಿಬಿಟ್ಟರು. ಕೊನೆಯ ನಾಣ್ಯ ನಿನ್ನೆ ಅಚ್ಚಾಯಿತಂತೆ. ಬ್ಯಾಂಕಿನಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ. ಮ್ಯಾನೇಜರು ನನ್ನ ಕೌಂಟರಿನ ಗಾಜಿಗೆ ಒಂದು ಚೀಟಿ ಅಂಟಿಸಿದರು: ಮನೆಯಲ್ಲಿ ಚಿಲ್ಲರೆ ಬಿದ್ದಿದ್ದರೆ ದಯವಿಟ್ಟು ತನ್ನಿ. ಅಲ್ಲಿಗೆ ಉತ್ತರಕ್ರಿಯೆ ಮುಗಿಯಿತು.

ಮನೆಗೆ ಬಂದರೆ ನನ್ನ ಗಂಡ ಆರ್ವೋ ಹಬ್ಬದ ಮುಖ ಮಾಡಿಕೊಂಡು ಅಡುಗೆಮನೆಯಲ್ಲಿ ಕೂತಿದ್ದ. ತಾನೇ ಕಾಫಿ ಮಾಡಿದ್ದ. ಅಂದರೆ ವಿಷಯ ದೊಡ್ಡದು.

"ಹೇಳಿರಲಿಲ್ವಾ ನಾನು? ಮೂವತ್ತು ವರ್ಷದಿಂದ ಬಡ್ಕೊಂಡೆ. ಹುಚ್ಚ ಅಂದ್ರಿ ಎಲ್ಲಾರೂ."

"ಈಗ ಹುಚ್ಚಲ್ಲ ಅಂತ ಯಾರು ಹೇಳಿದ್ರು?" ಅಂದೆ, ಕೋಟು ಬಿಚ್ಚುತ್ತ.

ಅವನು ಏಲಕ್ಕಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. ಉತ್ತರ ಕೊಡುವುದು ಅವನ ಜಾಯಮಾನವಲ್ಲ. ಗೋಡೆಗೆ ಮಾತಾಡಿದರೆ ಗೋಡೆಯಾದರೂ ಪ್ರತಿಧ್ವನಿಸುತ್ತದೆ.

ಅವನ ವಾದ ನನಗೆ ಪ್ರಾರ್ಥನೆಯಂತೆ ಬಾಯಿಪಾಠ. ಎಂಬತ್ತೆರಡನೇ ಇಸವಿಗಿಂತ ಹಿಂದಿನ ಪೆನ್ನಿ ತಾಮ್ರ. ಆಮೇಲಿನದು ಸತುವಿನ ಬಿಲ್ಲೆ, ಮೇಲೊಂದು ತಾಮ್ರದ ಸಿಪ್ಪೆ. ಹಳೆಯದರೊಳಗಿನ ತಾಮ್ರಕ್ಕೆ ಪೆನ್ನಿಗಿಂತ ಹೆಚ್ಚಿನ ಬೆಲೆ. ಕರಗಿಸುವುದಕ್ಕೆ ಸರ್ಕಾರ ಬಿಡುವುದಿಲ್ಲ; ಇಂದಲ್ಲ ನಾಳೆ ಬಿಡುತ್ತದೆ, ಆವತ್ತು ನೋಡು. ಆ 'ಆವತ್ತಿ'ಗಾಗಿ ನೆಲಮಾಳಿಗೆಯ ಗೋಡೆಗುಂಟ ಬಕೆಟ್ಟುಗಳು ಕಾಯುತ್ತ ನಿಂತಿವೆ. ಒಂದು ಗೇಣಿಗಿಂತ ಮೇಲೆ ತುಂಬುವುದಿಲ್ಲ, ತುಂಬಿದರೆ ಎತ್ತಲಾಗದು. ಗಣಿ ತೋಡಿ ಊರಿನ ಹೊಟ್ಟೆಯಿಂದ ತಾಮ್ರವನ್ನೆಲ್ಲ ಬಗೆದು ಹೊರಗೆ ಕಳಿಸಿದವರು, ಈಗ ಅದನ್ನು ಚೂರುಚೂರಾಗಿ ಮತ್ತೆ ನೆಲದಡಿಗೆ ಇಳಿಸುತ್ತಿದ್ದೇವೆ.

ಆ ಪೆನ್ನಿಗಳನ್ನು ಬ್ಯಾಂಕಿನಿಂದ ಹೊತ್ತು ತಂದವಳು ನಾನೇ. ಅದನ್ನೂ ಬರೆಯಬೇಕಲ್ಲ.

ನವೆಂಬರ್ 15, ಶನಿವಾರ

ಸೌನಾ. ಶನಿವಾರವಾದ್ದರಿಂದ ಸೌನಾ, ಅಂದರೆ ಹಬೆಸ್ನಾನ; ಬೇರೆ ಕಾರಣ ಬೇಕಿಲ್ಲ. ಅವನು ಒಲೆಗೆ ಸೌದೆ ಒಟ್ಟಿದ, ಇಬ್ಬರೂ ಮೇಲಿನ ಹಲಗೆಯ ಮೇಲೆ ಕೂತೆವು, ಬೆವರಿದೆವು. ಅವನು ಕಾದ ಕಲ್ಲಿಗೆ ನೀರು ಸುರಿದ. ಆ ಸೀತ್ಕಾರ ಕೇಳಿದಾಗಲೆಲ್ಲ ನನಗೆ ಎಂಟು ವರ್ಷ ಹಿಂದಿನ ಶನಿವಾರವೇ ಕೇಳಿಸುತ್ತದೆ. ಇದೇ ಹಲಗೆಯ ಮೇಲೆ, ಒಲೆಯ ಕಡೆ ಮುಖ ಮಾಡಿ ಅವನನ್ನು ಕೇಳಿದ್ದೆ: ಅಮ್ಮನನ್ನು ಇಲ್ಲಿಗೇ ಕರೆದುಕೊಂಡು ಬರೋಣವಾ? ಅವನು ಸೌಟು ಎತ್ತಿ ಕಲ್ಲಿಗೆ ನೀರು ಹಾಕಿದ್ದ. ಅದೇ ಉತ್ತರ.

ಅಮ್ಮ ವೃದ್ಧರ ಆರೈಕೆ ಕೇಂದ್ರಕ್ಕೆ ಹೋದಳು. ಅವಳ ಬೆಕ್ಕು ಮಿರ್ರಿ ನಮ್ಮ ಮನೆಗೆ ಬಂತು. ಅಮ್ಮ ವಸಂತದವರೆಗೆ ಬದುಕಿದಳು. ಬೆಕ್ಕು ಇನ್ನೂ ಆರು ವರ್ಷ.

ನವೆಂಬರ್ 25, ಮಂಗಳವಾರ

ಗ್ರೀನ್ ಬೇಯಿಂದ ಡುವೇನ್ ಎಂಬವನ ಫೋನು. ತಾಮ್ರದ ಪೆನ್ನಿಗಳನ್ನು ಮುಖಬೆಲೆಯ ಎರಡರಷ್ಟು ಕೊಟ್ಟು ಕೊಳ್ಳುತ್ತಾನಂತೆ, ಜನವರಿಯಲ್ಲಿ ಬರುತ್ತಾನಂತೆ. ಫೋನಿನಲ್ಲಿ ಮಾತಾಡಿದ್ದು ನಾನು. ಆರ್ವೋ ಫೋನು ಎತ್ತುವುದಿಲ್ಲ. ಗೊರಗೊರ ಅನ್ನುತ್ತೆ, ದರಿದ್ರ ಯಂತ್ರ, ಅನ್ನುತ್ತಾನೆ.

ರಸ್ತೆ ಇಲಾಖೆಯ ಕಾಗದವೂ ಬಂದಿದೆ. ಹಿಮ ತಳ್ಳುವ ಗಾಡಿ ಓಡಿಸುವವರಿಗೆ ಎರಡು ವರ್ಷಕ್ಕೊಮ್ಮೆ ದೇಹ ತಪಾಸಣೆ; ಜನವರಿ ಕೊನೆಗೆ ಅವನ ಸರದಿ.

"ಅದಕ್ಕೆ ಮುಂಚೆ ಕಿವಿ ತೋರಿಸ್ಕೋ" ಅಂದೆ. ಎರಡು ಸಲ ಅನ್ನಬೇಕಾಯಿತು.

"ಕಿವಿಗೇನಾಗಿದೆ ಮಾರಾಯ್ತಿ? ಕೆಳಗೆ ಹೋಗಿ ನಾಣ್ಯ ಕೇಳು. ನನ್ನ ಕಿವಿ ಹೇಗಿದೆ ಅಂತ ಅವು ಹೇಳ್ತವೆ."

ಇಸವಿ ನೋಡಿ ಆರಿಸುವವರು ಅವನ ಲೆಕ್ಕದಲ್ಲಿ ಗುಮಾಸ್ತರು. ಅವನು ಪೆನ್ನಿಯನ್ನು ಗಣಿಯಿಂದ ತಂದ ಕರಿಗಲ್ಲಿನ ಚಪ್ಪಡಿಯ ಮೇಲೆ ಬೀಳಿಸಿ ಕೇಳುತ್ತಾನೆ. ತಾಮ್ರ ಹಾಡುತ್ತದೆ, ಸತು ಕೆಮ್ಮುತ್ತದೆ. ಈ ಮಾತು ಅವನು ದುಡಿದ ಗಣಿಯದು. ಪಾಳಿ ಶುರುವಾಗುವ ಮುಂಚೆ ಉದ್ದನೆಯ ಸರಳಿನಿಂದ ಸುರಂಗದ ಸೂರನ್ನು ತಟ್ಟಿ ಕೇಳುತ್ತಿದ್ದರು. ಗಟ್ಟಿ ಬಂಡೆ ಹಾಡುತ್ತದೆ. ಸಡಿಲವಾದದ್ದು ಕೆಮ್ಮುತ್ತದೆ, ಕೆಮ್ಮಿದರೆ ಅದರಡಿ ನಿಲ್ಲಬಾರದು. ಅವನು ಕೇಳಿ ಸರಿ ಎಂದ ಮೇಲೆಯೇ ಅವನ ಪಾಳಿಯವರು ಒಳಗೆ ಕಾಲಿಡುತ್ತಿದ್ದರು. ಗಣಿ ಮುಚ್ಚಿ ಮೂವತ್ತು ವರ್ಷವಾಯಿತು. ಈಗ ಆ ಕಿವಿಯ ಕೆಳಗೆ ನಿಲ್ಲುವವಳು ನಾನೊಬ್ಬಳೇ.

ಡಿಸೆಂಬರ್ 2, ಮಂಗಳವಾರ

ಹಿಮ. ಮತ್ತೆ ಹಿಮ.

ಡಿಸೆಂಬರ್ 6, ಶನಿವಾರ

ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿಯುತ್ತಿದ್ದೆ. ಅವನು ನನಗೆ ಬೆನ್ನು ಹಾಕಿ ಕೂತು ಆರಿಸುತ್ತಿದ್ದ. ಮೇಲೆ ಅಡುಗೆಮನೆಯಲ್ಲಿ ನನಗೆ ಈ ಸದ್ದು ಗಡಿಯಾರದ ಸದ್ದಿನಂತೆ ರೂಢಿ. ಟಿಣ್, ಟಿಣ್, ಟಕ್, ಟಿಣ್. ಯಾವುದು ಯಾವ ಬಕೆಟ್ಟಿಗೆ ಹೋಗುತ್ತದೆ ಎಂದು ಅಲ್ಲಿಂದ ಕಾಣುವುದಿಲ್ಲ. ಇಂದು ಮೆಟ್ಟಿಲಿನ ಮೇಲಿಂದ ಕಂಡಿತು.

ಟಕ್. ಅವನು ತಲೆ ಓರೆ ಮಾಡಿ ಆಲಿಸಿದ, ಮೆಚ್ಚಿದವನಂತೆ ತಲೆಯಾಡಿಸಿದ, ತಾಮ್ರದ ಬಕೆಟ್ಟಿಗೆ ಹಾಕಿದ. ಟಿಣ್. ಅದನ್ನೂ ಅದಕ್ಕೇ ಹಾಕಿದ. ಟಕ್. ಅದನ್ನು ಪಕ್ಕದ ಡಬ್ಬಕ್ಕೆ.

"ಆರ್ವೋ" ಅಂದೆ. ಸಾಧಾರಣ ದನಿಯಲ್ಲಿ. ಮತ್ತೊಮ್ಮೆ ಅಂದೆ. ಅವನು ಇನ್ನೊಂದು ಪೆನ್ನಿ ಬೀಳಿಸಿದ.

ಆಲೂಗಡ್ಡೆ ಇಲ್ಲದೆ ಮೇಲೆ ಬಂದೆ. ಊಟಕ್ಕೆ ನಿನ್ನೆಯ ಪ್ಯಾಸ್ಟಿಯನ್ನೇ, ಮಾಂಸದ ಹೂರಣದ ಕಡುಬನ್ನೇ, ಬಿಸಿ ಮಾಡಿದೆ.

ಡಿಸೆಂಬರ್ 11, ಗುರುವಾರ

ಅವನು ನಸುಕಿಗೇ ಗಾಡಿ ಹತ್ತಿ ಹೋದ. ನಾನು ಬ್ಯಾಂಕಿಗೆ ತಲೆನೋವೆಂದು ಹೇಳಿ ನೆಲಮಾಳಿಗೆಗೆ ಇಳಿದೆ.

ಬಕೆಟ್ಟುಗಳನ್ನು ನೋಡಿದರೆ ಕಾಲ ತಿಳಿಯುತ್ತದೆ. ಮೊದಲ ಸಾಲು ಬೇಕರಿಯ ಬಿಳಿ ಬಕೆಟ್ಟುಗಳು, ಬೇಕರಿ ಮುಚ್ಚಿತು. ಆಮೇಲೆ ಗೋಡೆಗೆ ಮೆತ್ತುವ ಗಾರೆ ತುಂಬಿ ಬಂದದ್ದು ಒಂದು. ಅಡುಗೆಮನೆ ರಿಪೇರಿ ಮಾಡಿಸಿದ ಬೇಸಿಗೆಯದು. ಉಳಿದವು ಬೆಕ್ಕಿನ ಕಕ್ಕಸಿಗೆ ಹಾಕುವ ಮಣ್ಣು ತುಂಬಿ ಬಂದ ಹಳದಿ ಬಕೆಟ್ಟುಗಳು, ಮಿರ್ರಿಯ ಕಾಲದವು.

ಬಿಳಿಯವುಗಳಿಂದ ಹಿಡಿಹಿಡಿಯಾಗಿ ತೆಗೆದು ಚಪ್ಪಡಿಯ ಮೇಲೆ ಬೀಳಿಸಿದೆ. ಎಲ್ಲವೂ ಹಾಡಿದವು. ಹಳದಿಯವುಗಳಲ್ಲಿ ಮೂರಕ್ಕೊಂದು ಕೆಮ್ಮಿತು. ಗಾರೆಯ ಬಕೆಟ್ಟನ್ನು ಕೊನೆಗಿಟ್ಟುಕೊಂಡಿದ್ದೆ, ಯಾಕೆಂದು ನನಗೆ ಗೊತ್ತಿತ್ತು. ಮೇಲಿನ ಪದರದಲ್ಲಿ ಕೆಮ್ಮು. ತಳದಲ್ಲಿ ಹಾಡು.

ಅಡುಗೆಮನೆ ರಿಪೇರಿಯಾದದ್ದು ಬೇಸಿಗೆಯಲ್ಲಿ. ಸೌನಾದಲ್ಲಿ ನಾನು ಕೇಳಿದ್ದು ಆ ವರ್ಷದ್ದೇ ಚಳಿ ಶುರುವಾದಾಗ. ಬೆಕ್ಕು ಬಂದದ್ದು ಅದಾದ ಮೇಲೆ.

ಅಂದರೆ ಗಾರೆಯ ಬಕೆಟ್ಟು ತುಂಬುವಾಗಲೇ ಕಿವಿ ಹೋಗಿತ್ತು; ಆವತ್ತು ಸೌನಾದಲ್ಲಿ ಅವನಿಗೆ ಕೇಳಿಸಿರಲೇ ಇಲ್ಲ.

ಇಷ್ಟು ಬರೆದು ಕಾಫಿ ಮಾಡಿಕೊಂಡೆ. ಏನಾದರೂ ಹಗುರವಾಗಬೇಕಿತ್ತಲ್ಲ. ಆಗಲಿಲ್ಲ. ಎಂಟು ವರ್ಷ ಕೂಡಿಟ್ಟದ್ದನ್ನು ಯಾರೋ ಒಂದೊಂದಾಗಿ ಕಲ್ಲಿನ ಮೇಲೆ ಬೀಳಿಸಿ ಕೇಳುತ್ತಿದ್ದಾರೆ ಅನ್ನಿಸಿತು. ಅಮ್ಮನಂತೂ ಕೇಂದ್ರದ ಆ ಹಸಿರು ಗೋಡೆಯ ಕಾರಿಡಾರಿನಲ್ಲೇ ಸತ್ತಳು. ಅವನಿಗೆ ಕೇಳಿಸಿದ್ದರೂ ಅವನು ನೀರನ್ನೇ ಹಾಕುತ್ತಿದ್ದ. ಇದು ಖಂಡಿತ.

ಡಿಸೆಂಬರ್ 18, ಗುರುವಾರ

ಹೆಲ್ಮಿ ಕೊಸ್ಕಿ ಬ್ಯಾಂಕಿಗೆ ಬಂದಿದ್ದಳು. ನಮ್ಮ ರಸ್ತೆಯ ಕೊನೆಯ ಮನೆಯವಳು, ಎಂಬತ್ತು ದಾಟಿದೆ, ಇನ್ನೂ ತನ್ನ ಅಂಗಳದ ಹಿಮ ತಾನೇ ಸಲಿಕೆಯಲ್ಲಿ ತೆಗೆಯುತ್ತಾಳೆ. ತಳ್ಳುಬಂಡಿಯಲ್ಲಿ ಗಾಜಿನ ಜಾಡಿಗಳನ್ನು ಹೇರಿಕೊಂಡು ಬಂದಿದ್ದಳು. ಎಲ್ಲದರಲ್ಲೂ ಪೆನ್ನಿ.

"ತಗೋ ಐಲಿ. ನಮ್ಮ ಮನೆಯವ್ರು ಕೂಡಿಟ್ಟಿದ್ದು. ಕೂಡಿಟ್ರು, ಕೂಡಿಟ್ರು, ಸತ್ರು. ಕಪಾಟಿನ ತುಂಬ ಇದೇ. ಉಪ್ಪಿನಕಾಯಿಗೆ ಒಂದು ಜಾಡಿ ಬೇಕು ಅಂದ್ರೆ ಮನೇಲಿಲ್ಲ."

"ಯಾವಾಗಿನವು ಅಜ್ಜಿ ಇವು?"

"ಅವ್ರಿಗೆ ಮೀಸೆ ಕಪ್ಪಗಿದ್ದಾಗಿನವು ಕಣೇ. ನಿನ್ನ ಗಂಡ ಹೇಗಿದಾನೆ? ಮೊನ್ನೆ ಗಾಡಿಯಲ್ಲಿ ಹೋಗ್ತಿದ್ದ. ಕೈ ಬೀಸಿ ಕೂಗ್ದೆ, ತಿರುಗೂ ನೋಡ್ಲಿಲ್ಲ. ದೊಡ್ಡ ಮನುಷ್ಯ ಆಗ್ಬಿಟ್ಟ."

"ಗಾಡಿ ಸದ್ದು" ಅಂದೆ.

"ನನ್ನ ಗಂಟಲಿಗಿಂತ ದೊಡ್ಡದಾ ಅದು?"

ಮುಖಬೆಲೆಯನ್ನು ನೋಟುಗಳಲ್ಲಿ ಎಣಿಸಿ ಕೊಟ್ಟೆ. ಎರಡರಷ್ಟು ಕೊಡುವವನು ಬರುತ್ತಾನೆಂದು ಹೇಳಲಿಲ್ಲ. ಕೌಂಟರಿನ ಈಚೆಯಿಂದ ಅಂಥದ್ದೆಲ್ಲ ಹೇಳಬಾರದು. ಸಂಜೆ ನನ್ನ ಹಣ ಗಲ್ಲಾಪೆಟ್ಟಿಗೆಗೆ ಹಾಕಿ ಜಾಡಿಗಳನ್ನು ಕಾರಿನಲ್ಲಿ ತಂದೆ. ತೊಳೆದು ಅವಳ ಬಾಗಿಲಿಗೆ ಇಟ್ಟು ಬರಬೇಕು, ಖಾಲಿ ಜಾಡಿಗಳನ್ನು.

ಡಿಸೆಂಬರ್ 29, ಸೋಮವಾರ

ಭಾರಿ ಹಿಮಗಾಳಿ. ಅವನು ಹಗಲೆಲ್ಲ ರಸ್ತೆಯಲ್ಲಿ. ನಾನು ಹಗಲೆಲ್ಲ ನೆಲಮಾಳಿಗೆಯಲ್ಲಿ.

ಕೆಮ್ಮುವುದನ್ನು ತೆಗೆಯುತ್ತೇನೆ, ಅದರ ಜಾಗಕ್ಕೆ ಹೆಲ್ಮಿಯ ಜಾಡಿಯಿಂದ ಹಾಡುವುದನ್ನು ಹಾಕುತ್ತೇನೆ. ಗೇಣಿನ ಗುರುತಿಗೆ ಸರಿಯಾಗಿ. ಡುವೇನ್ ತಕ್ಕಡಿ ತರುತ್ತಾನೆ; ಸತು ತಾಮ್ರಕ್ಕಿಂತ ಹಗುರ, ತೂಕದಲ್ಲೇ ಸಿಕ್ಕಿಬೀಳುತ್ತದೆ. ಅವನೆದುರು ಗಂಡ ನಗೆಪಾಟಲಾಗುವುದು ನನಗೆ ಬೇಕಿಲ್ಲ. ಈ ಊರಿನಲ್ಲಿ ಬೆಳಿಗ್ಗೆ ಆದದ್ದು ಮಧ್ಯಾಹ್ನಕ್ಕೆ ನನ್ನ ಕೌಂಟರಿಗೆ ಬರುತ್ತದೆ. ಅಷ್ಟೇ ಕಾರಣ.

ಮೊದಮೊದಲು ಪ್ರತಿಯೊಂದಕ್ಕೂ ಇಸವಿ ನೋಡುತ್ತಿದ್ದೆ. ಈಗ ನೋಡುವುದಿಲ್ಲ. ಕೆಲವು ಸ್ವಲ್ಪ ಹೆಚ್ಚು ಹೊತ್ತು ಹಾಡುತ್ತವೆ.

ಜನವರಿ 9, ಶುಕ್ರವಾರ

ಊಟದ ಮೇಜಿನಲ್ಲಿ ಅವನು, "ಬೆರಳು ಯಾಕೆ ಹಸಿರಾಗಿದೆ?" ಅಂದ. ತಾಮ್ರದ ಕಿಲುಬು ಹತ್ತಿದ ಬೆರಳು ಮಡಚಿಕೊಂಡು ಸೂಪು ಕುಡಿದೆ. ಅವನು ಮತ್ತೆ ಕೇಳಲಿಲ್ಲ.

ಜನವರಿ 17, ಶನಿವಾರ

ಡುವೇನ್ ಬಂದು ಹೋದ. ದಪ್ಪ ಮನುಷ್ಯ, ಕಿವಿ ಮುಚ್ಚುವ ಟೊಪ್ಪಿ, ನಮ್ಮ ಮೆಟ್ಟಿಲುಗಳ ಮೇಲೆ ಬಹಳ ಅನುಮಾನ. ಆರ್ವೋ ಒಂದೊಂದೇ ಬಕೆಟ್ಟನ್ನು ಬೆಳಕಿಗೆ ಎತ್ತಿ ಇಟ್ಟ. ಹಳದಿ ಬಕೆಟ್ಟು ಎತ್ತುವಾಗ ಒಂದು ಕ್ಷಣ ನಿಂತ. ಬೆನ್ನು ಹಿಡಿಯಿತೋ ಎಂದುಕೊಂಡೆ.

ಡುವೇನ್ ಪ್ರತಿ ಬಕೆಟ್ಟಿನ ಮೇಲಿಂದ, ನಡುವಿನಿಂದ, ತಳದಿಂದ ಹಿಡಿ ತೆಗೆದು ತೂಗಿದ.

"ಏನು ಯಜಮಾನ್ರೇ, ಒಂದೂ ಸತುವಿನದು ಇಲ್ವಲ್ಲ! ಯಂತ್ರ ಇಟ್ಟಿದೀರಾ?"

"ಏನು?"

"ಯಂತ್ರ, ಯಂತ್ರ! ಆರ್ಸೋದಕ್ಕೆ!"

ಆರ್ವೋ ತನ್ನ ಕಿವಿಯನ್ನು ಬೆರಳಿನಿಂದ ತಟ್ಟಿ ತೋರಿಸಿದ. "ಇದೇ ಯಂತ್ರ. ಎಣ್ಣೆ ಬೇಡ, ಕರೆಂಟು ಬೇಡ."

ಡುವೇನ್ ನೋಟಿನ ಕಟ್ಟು ಹೊರತೆಗೆದ. ಆರ್ವೋ ಅದನ್ನು ನೋಡಿದ, ಬಕೆಟ್ಟುಗಳನ್ನು ನೋಡಿದ, ಕೊನೆಗೆ, "ಕೊಡಲ್ಲ" ಅಂದ. "ನೀನು ಎರಡರಷ್ಟು ಕೊಡ್ತೀಯ ಅಂದ್ರೆ ಕಾನೂನು ಹೋದ ದಿನ ಎಷ್ಟಾಗ್ಬೇಕು?"

"ಆ ದಿನಕ್ಕೆ ನೀವೂ ಇರಲ್ಲ, ನಾನೂ ಇರಲ್ಲ."

"ತಾಮ್ರ ಇರುತ್ತಲ್ಲ."

ಡುವೇನ್ ನನ್ನತ್ತ ನೋಡಿದ, ಬುದ್ಧಿ ಹೇಳಿ ಎಂಬಂತೆ. ನಾನು ಅವನಿಗೆ ದಾರಿಗೆಂದು ಬ್ರೆಡ್ಡು ಕಟ್ಟಿಕೊಟ್ಟೆ.

ವಿಚಿತ್ರವೆಂದರೆ, ಮಾರಲಿಲ್ಲವೆಂದು ನನಗೂ ಬೇಸರವಾಗಲಿಲ್ಲ. ನಮ್ಮ ಬಕೆಟ್ಟುಗಳನ್ನು ಅವನು ಮುಟ್ಟಿದ ರೀತಿಯೇ ಸರಿಯಿರಲಿಲ್ಲ.

ಜನವರಿ 29, ಗುರುವಾರ

ತಪಾಸಣೆಯಲ್ಲಿ ಪಾಸಾದ. ತಪಾಸಣೆಯೇ ಎಲ್ಲವನ್ನೂ ಹೇಳುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಕಿವಿ ಪರೀಕ್ಷೆಗೆಂದು ಅಲ್ಲಿನ ನರ್ಸ್ ಹುಡುಗಿ ಎದುರಿಗೇ ನಿಂತು ಪಿಸುಗುಟ್ಟಿದಳಂತೆ. ಎದುರಿಗಿದ್ದರೆ ಅವನು ತುಟಿ ಓದುತ್ತಾನೆ. ಗಣಿಯ ಗದ್ದಲದಲ್ಲಿ ಎಲ್ಲರೂ ಕಲಿತ ವಿದ್ಯೆ ಅದು.

"ಡುವೇನ್ ಕಥೆ ಹೇಳ್ದೆ ಅವ್ಳಿಗೆ" ಅಂದ. "ಇಂಥ ಕಿವಿ ಇರೋರು ಕಂಪ್ಲೇಂಟು ಮಾಡ್ಬಾರ್ದು ಅಂದ್ಲು."

ಮೊದಲು ಅವನಿಗೊಂದು ಕಿವುಡಿತ್ತು. ಈಗ ಅದಕ್ಕೊಂದು ಪ್ರಮಾಣಪತ್ರ. ಬರೆದುಕೊಟ್ಟವಳು ನಾನು.

ನಾಳೆ ಹೇಳಬೇಕು.

ಫೆಬ್ರವರಿ 5

ನಾಳೆ.

ಫೆಬ್ರವರಿ 14, ಶನಿವಾರ

ಸೌನಾ. ಬಹಳ ಚಳಿ. ಒಲೆಯ ಕಡೆ ಮುಖ ಮಾಡಿ ಕೂತೆ.

ಫೆಬ್ರವರಿ 19, ಗುರುವಾರ

ಹೆಲ್ಮಿ ಬಿದ್ದಳು. ಬಿದ್ದಳು ಎಂದು ಬರೆಯುವುದು ಸುಲಭ.

ಅವಳು ತನ್ನ ಅಂಚೆಪೆಟ್ಟಿಗೆಯ ಸುತ್ತ ಹಿಮ ತೆಗೆಯುತ್ತಿದ್ದಳು. ಆರ್ವೋ ಗಾಡಿಯನ್ನು ಹಿಂದಕ್ಕೆ ತೆಗೆದ. ಅವಳು ಕೂಗಿದ್ದಾಳೆ. ಸಲಿಕೆಯಿಂದ ಗಾಡಿಯ ಮಗ್ಗುಲಿಗೆ ಬಡಿದಿದ್ದಾಳೆ. ಎದುರು ಮನೆಯವರು ಕಿಟಕಿ ಮುಚ್ಚಿದ್ದರೂ ಕೇಳಿಸಿತು ಅನ್ನುತ್ತಾರೆ. ಗಾಡಿಯ ಪಕ್ಕಕ್ಕೆ ಚಾಚಿದ, ಹಿಮ ತಳ್ಳುವ ರೆಕ್ಕೆ ಅಂಚೆಪೆಟ್ಟಿಗೆಯನ್ನು ಕಿತ್ತು ಅವಳನ್ನು ಹಿಮದ ಗುಡ್ಡೆಗೆ ನೂಕಿತು. ಸೊಂಟದ ಮೂಳೆ ಮುರಿದಿದೆ. ಅವನು ಗಾಡಿ ನಿಲ್ಲಿಸಿದ್ದು ಅವಳ ಕೆಂಪು ಟೊಪ್ಪಿ ಕನ್ನಡಿಯಲ್ಲಿ ಕಂಡಾಗ.

ಕನ್ನಡಿಯಲ್ಲಿ ಹಿಮ ಕೂತಿತ್ತು ಎಂದು ಅವನು ಇಲಾಖೆಯವರಿಗೆ ಹೇಳಿದ. ಅವರು ನಂಬಿದರು. ತಪಾಸಣೆ ಮೊನ್ನೆ ತಾನೇ ಆಗಿದೆಯಲ್ಲ ಅಂದರು.

ಫೆಬ್ರವರಿ 24, ಮಂಗಳವಾರ

ಹೆಲ್ಮಿಯನ್ನು ಆಸ್ಪತ್ರೆಯಿಂದ ಆರೈಕೆ ಕೇಂದ್ರಕ್ಕೆ ಸಾಗಿಸುತ್ತಾರಂತೆ. ಅದೇ ಕೇಂದ್ರ, ಅದೇ ಹಸಿರು ಗೋಡೆ. ಆಸ್ಪತ್ರೆಗೆ ಹೋಗಿದ್ದೆ. "ನನ್ನ ಜಾಡಿ ಯಾರೋ ತೊಳ್ದು ಬಾಗಿಲಿಗೆ ಇಟ್ಟಿದ್ರು ಕಣೇ" ಅಂದಳು. "ಇನ್ನು ಉಪ್ಪಿನಕಾಯಿ ಯಾರು ಹಾಕ್ಬೇಕು?" ಅವಳು ನಕ್ಕಳು. ನನಗೆ ನಗಲು ಸಮಯ ಬೇಕಾಯಿತು.

ಸಂಜೆ ಮನೆಗೆ ಬಂದು ಅವನೆದುರು ಕುರ್ಚಿ ಎಳೆದುಕೊಂಡು ಕೂತೆ, ಬಾಯಿ ಕಾಣುವ ಹಾಗೆ.

"ಬಕೆಟ್ಟು ಬದಲಾಯ್ಸಿದ್ದು ನಾನು. ಹಳದಿಯವುಗಳಲ್ಲಿ ಸತು ತುಂಬಿತ್ತು. ನಿನಗೆ ಕಿವಿ ಕೇಳ್ಸಲ್ಲ ಆರ್ವೋ. ಎಂಟು ವರ್ಷದಿಂದ ಕೇಳ್ಸಲ್ಲ."

"ಗೊತ್ತು."

"ಏನು ಗೊತ್ತು?"

"ಡುವೇನ್ ಬಂದ ದಿನ ಎತ್ತಿದ್ನಲ್ಲ. ಭಾರ ಆಗಿದ್ವು. ಗೇಣು ಅಷ್ಟೇ, ಭಾರ ಜಾಸ್ತಿ. ಕಿವಿ ಹೋಗಿರ್ಬೋದು, ಕೈ ಹೋಗಿಲ್ಲ. ಕೆಳಗೆ ಇಳಿಯೋರು ಇನ್ಯಾರಿದಾರೆ? ನಿನ್ನ ಬೆರಳು ನೋಡಿದ್ದೆ."

"ಗೊತ್ತಿದ್ದೂ ಗಾಡಿ ಹತ್ತಿದೆಯಾ?"

ಅವನು ನನ್ನನ್ನು ನೋಡಿದ. ನಾಟಕವಿರಲಿಲ್ಲ, ನಿಜವಾಗಿಯೂ ಅರ್ಥವಾಗದವನ ನೋಟ.

"ನನಗೆ ಕೇಳ್ಸಲ್ಲ ಅಂತ ನಿನಗೆ ಗೊತ್ತಾಗಿತ್ತು. ನೀನು ಏನೂ ಅನ್ಲಿಲ್ಲ. ಮಾಡಿದ್ದನ್ನೆಲ್ಲ ನನ್ನ ಮಾನ ಉಳ್ಸೋದಕ್ಕೇ ಮಾಡ್ದೆ. ನೀನು ಸುಮ್ಮನಿದೀಯ ಅಂದ್ರೆ ಓಡ್ಸು ಅಂತಾನೇ ಅರ್ಥ ಅಂದ್ಕೊಂಡೆ."

"ಸುಮ್ಮನಿದ್ರೆ ಹಾಗರ್ಥವಾ?"

"ಮತ್ತೇನು?" ಅಂದ.

ಎದ್ದು ಲೋಟ ತೊಳೆದೆ. ಎರಡೇ ಲೋಟ. ಬಹಳ ಹೊತ್ತು ತೊಳೆದೆ.

ಫೆಬ್ರವರಿ 27, ಶುಕ್ರವಾರ

ಅವನು ಇಲಾಖೆಗೆ ಹೋಗಿ ಬೀಗದ ಕೈ ಕೊಟ್ಟು ಬಂದ. ಕಿವಿಯ ವಿಷಯ ತಾನೇ ಹೇಳಿದನಂತೆ. ಅವರು ಏನಂದರೆಂದು ಕೇಳಿದೆ. "ಅವ್ರು ಏನೋ ಅಂದ್ರು" ಅಂದ.

ಬರುವಾಗ ಹೆಲ್ಮಿಯ ಮುದಿ ನಾಯಿಯನ್ನು ಕರೆದುಕೊಂಡು ಬಂದಿದ್ದ. ಕೇಂದ್ರದಲ್ಲಿ ನಾಯಿ ಬಿಡುವುದಿಲ್ಲ.

"ಪಾಪ, ಎಲ್ಲಿಗೆ ಹೋಗುತ್ತೆ ಅದು? ಇಲ್ಲೇ ಇರ್ಲಿ" ಅಂದ.

ಈ ಮನೆಯಲ್ಲಿ ಪ್ರಾಣಿಗಳಿಗೆ ಯಾವತ್ತೂ ಜಾಗವಿದೆ.

ಮಾರ್ಚ್ 11, ಬುಧವಾರ

ಬ್ಯಾಂಕಿಗೆ ಪೆನ್ನಿ ಬರುವುದು ನಿಂತಿದೆ. ಅವನು ಆರಿಸಿದ್ದನ್ನೇ ಮತ್ತೆ ಆರಿಸುತ್ತಾನೆ. ಸಂಜೆ ನಾನೂ ಕೆಳಗೆ ಹೋಗಿ ಕೂರುತ್ತೇನೆ, ಮೇಲೆ ಒಬ್ಬಳೇ ಕೂತು ಮಾಡುವುದೇನು. ಅವನು ಬೀಳಿಸುತ್ತಾನೆ, ನನ್ನ ಮುಖ ನೋಡುತ್ತಾನೆ. ನಾನು ತಲೆಯಾಡಿಸುತ್ತೇನೆ. ಬಕೆಟ್ಟಿಗೆ ಹಾಕುತ್ತಾನೆ. ಎಲ್ಲವೂ ತಾಮ್ರವೇ, ನಾನೇ ಆರಿಸಿಟ್ಟದ್ದಲ್ಲವೇ. ಆದರೂ ಪ್ರತಿಯೊಂದಕ್ಕೂ ತಲೆಯಾಡಿಸುತ್ತೇನೆ. ನಾಯಿ ಚಪ್ಪಡಿಯ ಪಕ್ಕ ಮಲಗಿರುತ್ತದೆ. ಪ್ರತಿ ಸದ್ದಿಗೂ ಅದರ ಕಿವಿ ನಿಮಿರುತ್ತದೆ.

ಹೆಲ್ಮಿಗೆ ಅವಳ ತಾಮ್ರದ ಬೆಲೆ ಹೇಳಬೇಕು. ನೆನಪಿಗೆಂದು ಬರೆದಿಟ್ಟಿದ್ದೇನೆ.

ಮಾರ್ಚ್ 14, ಶನಿವಾರ

ಸೌನಾ. ಹಿಮ ಕರಗಿ ಸೂರಿನಿಂದ ಹನಿಯುತ್ತಿತ್ತು.

ಅವನು ಇಂದು ಹಲಗೆಯ ಇನ್ನೊಂದು ತುದಿಯಲ್ಲಿ, ನನ್ನ ಕಡೆ ತಿರುಗಿ ಕೂತ. ನನ್ನ ಬಾಯಿಯನ್ನೇ ನೋಡುತ್ತಿದ್ದ. ನೀರಿನ ಸೌಟು ನನ್ನ ಕೈಯಲ್ಲಿತ್ತು.

"ಐಲಿ" ಅಂದ. "ಈ ಎಂಟು ವರ್ಷದಲ್ಲಿ ನನಗೆ ಕೇಳಿಸ್ದೇ ಹೋಗಿದ್ದು ಇನ್ನೇನಾದ್ರೂ ಇದೆಯಾ? ನೀನು ಕೇಳಿದ್ದು, ನಾನು ಉತ್ತರ ಹೇಳ್ದೇ ಬಿಟ್ಟಿದ್ದು?"

ಅವನ ಮುಖ ಬೆವರಿತ್ತು. ಕಾಯುತ್ತಿದ್ದ, ತಟ್ಟಿ ನೋಡಿದ ಬಂಡೆ ಏನನ್ನುತ್ತದೆಂದು ಕಾಯುವವನ ಹಾಗೆ ತಲೆ ಓರೆ ಮಾಡಿಕೊಂಡು.

"ಏನೂ ಇಲ್ಲ" ಅಂದೆ. ತುಟಿ ಚೆನ್ನಾಗಿ ಕಾಣುವ ಹಾಗೆ ಅಂದೆ.

ಕಲ್ಲಿಗೆ ನೀರು ಹಾಕಿದೆ. ಆ ಸದ್ದಿನ ನಡುವೆ ಅವನು ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ಏನೆಂದು ಕೇಳಲೂ ಇಲ್ಲ.